ಬಳ್ಳಾರಿಯಿಂದ ಗಾಡಿ ಮಾಡಿಕೊಂಡು ಹೋಗಿ ಉಂಡು ಬರಬೇಕು ಎನ್ನಿಸುವ ಹಳ್ಳಿ ಊಟ ಎಲ್ಲಿದೆ?

ಕೌಲ್‌ಬಜಾರಿನವ · ಭಾನುವಾರ ರಾತ್ರಿ

ದೀಪಾವಳಿಗೆ ಬೆಂಗಳೂರಿನಿಂದ ಅಕ್ಕ, ಭಾವ, ಅವರ ಇಬ್ಬರು ಮಕ್ಕಳು ಬಂದಿದ್ದರು. ಒಂದು ಮಧ್ಯಾಹ್ನ ಎಲ್ಲರನ್ನೂ ಹೊರಗೆ ಊಟಕ್ಕೆ ಕರೆದೊಯ್ಯುವ ಹುಮ್ಮಸ್ಸು ನನ್ನದೇ. ಹೆದ್ದಾರಿಯ ಬದಿಯಲ್ಲಿ ಹೊಸದಾಗಿ ಎದ್ದಿರುವ ಒಂದು ದೊಡ್ಡ ಹೋಟೆಲಿಗೆ ಹೋದೆವು. ಬಾಗಿಲಲ್ಲಿ ಎತ್ತಿನ ಬಂಡಿಯ ಚಕ್ರ, ಗೋಡೆಯ ಮೇಲೆ ಒಕ್ಕಲು ಮಾಡುವವರ ಚಿತ್ರ. ತಟ್ಟೆಗೆ ಬಂದದ್ದು ಪನೀರ್ ಮಸಾಲಾ ಮತ್ತು ಗೋಬಿ ಮಂಚೂರಿ. ಜೋಳದ ರೊಟ್ಟಿ ಕೇಳಿದರೆ ಬೆಳಿಗ್ಗೆ ಮಾಡಿಟ್ಟದ್ದನ್ನು ಬಿಸಿ ಮಾಡಿ ತಂದರು. ಎಂಬತ್ತು ದಾಟಿದ ಅಮ್ಮ ಅದನ್ನು ಎರಡು ಸಲ ಮುರಿಯಲು ನೋಡಿ, ಆಗದೆ, ತಟ್ಟೆಯ ಅಂಚಿಗೆ ಸರಿಸಿದರು. ಏನೂ ಅನ್ನಲಿಲ್ಲ. ಅನ್ನದೆ ಇದ್ದದ್ದೇ ನನಗೆ ಇನ್ನೂ ಚುಚ್ಚುತ್ತಿದೆ.

ಮಿಶೆಲಿನ್ ಎಂಬ ಫ್ರಾನ್ಸಿನ ಟೈರ್ ಕಂಪನಿ 1900ರಲ್ಲಿ ಕಾರು ಓಡಿಸುವವರಿಗಾಗಿ ಒಂದು ಕೈಪಿಡಿ ತಂದಿತು. ಜನ ಹೆಚ್ಚು ಓಡಾಡಿದರೆ ಟೈರು ಹೆಚ್ಚು ಮಾರಾಟವಾಗುತ್ತದೆ ಎಂಬುದು ಅವರ ಲೆಕ್ಕ. ಮುಂದೆ ಅದರಲ್ಲಿ ಹೋಟೆಲುಗಳಿಗೆ ನಕ್ಷತ್ರ ಕೊಡತೊಡಗಿದರು. ಎರಡು ನಕ್ಷತ್ರವೆಂದರೆ ಹೋಗುವ ದಾರಿ ಬಿಟ್ಟು ತಿರುಗಿ ಹೋಗಿ ಉಣ್ಣಬಹುದಾದ ಜಾಗ. ಮೂರೆಂದರೆ ಅದೊಂದಕ್ಕಾಗಿಯೇ ಮನೆ ಬಿಟ್ಟು ಹೊರಡಬಹುದಾದ ಜಾಗ. ಈ ಅಳತೆ ನನಗೆ ಬಹಳ ಹಿಡಿಸಿತು. ನಮ್ಮ ಬಳ್ಳಾರಿ, ಕೊಪ್ಪಳ, ರಾಯಚೂರು ಜಿಲ್ಲೆಗಳಲ್ಲಿ, ಮತ್ತು ಮೊನ್ನೆಮೊನ್ನೆಯವರೆಗೆ ನಮ್ಮದೇ ಆಗಿದ್ದ ಹೊಸಪೇಟೆಯ ಕಡೆ, ಅಂಥ ಊಟ ಎಲ್ಲಿದೆ?

ನನ್ನ ಷರತ್ತುಗಳು ಹೆಚ್ಚಿಲ್ಲ. ಊರೊಳಗಿನ ಹೋಟೆಲು ಬೇಡ, ಹಳ್ಳಿಯಲ್ಲಿರಬೇಕು. ಬಳ್ಳಾರಿಯಿಂದ 80 ಕಿಲೋಮೀಟರಿನ ಒಳಗಿದ್ದರೆ ಅಮ್ಮನ ಮೊಣಕಾಲಿಗೆ ಒಳ್ಳೆಯದು. ಊಟ ಆ ನೆಲದ್ದೇ ಆಗಿರಬೇಕು.

ತೋರಣಗಲ್ಲು ಪಾಳಿ · ಭಾನುವಾರ ರಾತ್ರಿ

ಸರ್, ಹೊಸಪೇಟೆ ರಸ್ತೆಯಲ್ಲಿ ಢಾಬಾಗಳಿಗೆ ಬರವೇ ಇಲ್ಲ. ರಾತ್ರಿ ಪಾಳಿ ಮುಗಿಸಿ ನಾವು ಅಲ್ಲೇ ಉಣ್ಣುತ್ತೇವೆ. ತಡ್ಕಾ ಹಾಕಿದ ಬೇಳೆ, ತಂದೂರಿ ರೊಟ್ಟಿ ಬಿಸಿಬಿಸಿಯಾಗಿಯೇ ಸಿಗುತ್ತದೆ. ಲಾರಿಗಳು ಎಲ್ಲಿ ಹೆಚ್ಚು ನಿಂತಿವೆಯೋ ಅಲ್ಲಿ ನಿಲ್ಲಿಸಿ.

ಕೌಲ್‌ಬಜಾರಿನವ

ನಿಮ್ಮ ಮಾತು ಒಪ್ಪುತ್ತೇನೆ, ತಮ್ಮಾ. ಆದರೆ ಢಾಬಾ ದಾರಿಯಲ್ಲಿ ಹೋಗುವವರ ಹಸಿವಿಗಾಗಿ ಇರುವುದು. ನಾನು ಹುಡುಕುತ್ತಿರುವುದು ದಾರಿಯ ಕೊನೆಯಲ್ಲಿರುವ ಊಟವನ್ನು.

ನದಿಯಾಚೆ · ಸೋಮವಾರ ಬೆಳಿಗ್ಗೆ

ಹಂಪಿ–ಆನೆಗೊಂದಿ ಕಡೆಯ ಮಾತು ನಾನು ಹೇಳುತ್ತೇನೆ, ಏಕೆಂದರೆ ಯಾರಾದರೂ ಹೇಳಿಯೇ ಹೇಳುತ್ತಾರೆ, ಅರ್ಧಂಬರ್ಧ ಹೇಳುತ್ತಾರೆ.

ಹಂಪಿಯಲ್ಲಿ ಮ್ಯಾಂಗೋ ಟ್ರೀ ಎಂಬ ಹೋಟೆಲು ಒಂದು ಕಾಲಕ್ಕೆ ನದಿಯ ದಂಡೆಯಲ್ಲಿತ್ತು. ಮಾವಿನ ಮರದ ಕೆಳಗೆ ಮೆಟ್ಟಿಲು ಮೆಟ್ಟಿಲಾಗಿ ಕಲ್ಲಿನ ಸಾಲು. ಎಲ್ಲರೂ ತುಂಗಭದ್ರೆಗೆ ಮುಖ ಮಾಡಿ, ನೆಲದ ಮೇಲೆ ಕುಳಿತು ಉಣ್ಣುತ್ತಿದ್ದರು. ಎದುರಿಗೆ ಮತ್ತೊಬ್ಬರ ಮುಖವಿಲ್ಲ, ಹೊಳೆ ಮಾತ್ರ. ಅಂಥ ಪಂಕ್ತಿಯನ್ನು ನಾನು ಬೇರೆಲ್ಲೂ ಕಂಡಿಲ್ಲ. ಈಗ ಆ ಹೋಟೆಲು ಊರೊಳಗಿದೆ. ಹೆಸರು ಅದೇ, ಊಟವೂ ಚೆನ್ನಾಗಿದೆ, ಮರ ಮತ್ತು ಹೊಳೆ ಇಲ್ಲ. 1986ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿದ ಜಾಗದಲ್ಲಿ ಎಲ್ಲೆಂದರಲ್ಲಿ ಒಲೆ ಹೂಡಲು ಬಿಡುವುದಿಲ್ಲ. ಅದು ಸರಿಯೇ. ಆದರೂ ಆ ಮರದ ನೆರಳು ನೆನಪಾಗುತ್ತದೆ.

ಆನೆಗೊಂದಿಯಲ್ಲಿ ಕಿಷ್ಕಿಂಧಾ ಟ್ರಸ್ಟ್‌ನವರು ಹಳೆಯ ಮನೆಗಳನ್ನು ಕೆಡವದೆ ಉಳಿಸಿ ತಂಗುವ ಮನೆಗಳನ್ನಾಗಿ ಮಾಡಿದ್ದಾರೆ. ಬಾಳೆಯ ನಾರಿನಿಂದ ಚೀಲ, ಚಾಪೆ ಮಾಡುವ ಹೆಣ್ಣುಮಕ್ಕಳ ಕೆಲಸವನ್ನು ಅಲ್ಲೇ ನೋಡಬಹುದು. ಅವರ ಹೂವ ಎಂಬ ಪುಟ್ಟ ಅಂಗಡಿ-ಕೆಫೆಯಲ್ಲಿ ಕುಳಿತರೆ ಊರಿನ ಸದ್ದೆಲ್ಲ ಕೇಳಿಸುತ್ತದೆ. ಮೊದಲೇ ಹೇಳಿದರೆ ಅಲ್ಲಿನ ಮನೆಗಳಲ್ಲಿ ಊಟವೂ ಆಗುತ್ತದೆ. ನಿಮ್ಮ ತಾಯಿಯವರಿಗೆ ಹತ್ತುವುದು ಇಳಿಯುವುದು ಕಡಿಮೆ ಇರುವ ಜಾಗವೆಂದರೆ ಇದೇ. ಅಂಜನಾದ್ರಿಯ 575 ಮೆಟ್ಟಿಲು ಮಕ್ಕಳಿಗೆ ಬಿಡಿ.

ಬಳ್ಳಾರಿಯಿಂದ ಬರುವವರು ಕುರುಗೋಡು, ಕಂಪ್ಲಿ ಮೇಲಿನಿಂದ ಬನ್ನಿ. ಜಲಾಶಯದಿಂದ ಹೊಳೆಗೆ ಹೆಚ್ಚು ನೀರು ಬಿಟ್ಟ ದಿನಗಳಲ್ಲಿ ಕಂಪ್ಲಿ ಸೇತುವೆ ಮುಳುಗುತ್ತದೆ. ಆಗ ಬುಕ್ಕಸಾಗರ–ಕಡೆಬಾಗಿಲು ಸೇತುವೆಯ ದಾರಿ ಹಿಡಿಯಿರಿ.

ಗಂಗಾವತಿ ಮಿಲ್ ರಸ್ತೆ · ಸೋಮವಾರ

ವಿರೂಪಾಪುರಗಡ್ಡೆಯ ಮಾತು ಯಾಕೆ ಬಿಟ್ಟಿರಿ? ನನ್ನ ದೊಡ್ಡಪ್ಪನ ಮಗ ಅಲ್ಲಿ ಹನ್ನೊಂದು ವರ್ಷ ಅಡುಗೆ ಮಾಡಿದ. ಸುಪ್ರೀಂ ಕೋರ್ಟಿನ ತೀರ್ಪು ಬಂದ ಮೇಲೆ 2020ರ ಮಾರ್ಚಿನಲ್ಲಿ ರೆಸಾರ್ಟುಗಳನ್ನೆಲ್ಲ ತೆರವು ಮಾಡಿದರು. ಕಾನೂನಿನ ಪ್ರಕಾರ ಕಟ್ಟಿದ್ದಲ್ಲ ಎಂದ ಮೇಲೆ ನಾನು ವಾದಿಸುವುದಿಲ್ಲ. ಆದರೆ ಅವನು ಅಲ್ಲಿ ಏನು ಅಡುಗೆ ಮಾಡುತ್ತಿದ್ದ ಗೊತ್ತೇ? ಇಸ್ರೇಲಿನವರಿಗೆ ಫಲಾಫೆಲ್, ಹಮ್ಮಸ್. ಮನೆಯಲ್ಲಿ ಅವನ ತಾಯಿ ಮಾಡುವ ಪುಂಡಿಪಲ್ಯ ತಿಂದವರು ಬೆರಳು ಚೀಪುತ್ತಾರೆ. ಹನ್ನೊಂದು ವರ್ಷದಲ್ಲಿ ಒಂದು ದಿನವೂ ಅದನ್ನು ಮಾಡು ಎಂದು ಯಾರೂ ಅವನಿಗೆ ಹೇಳಲಿಲ್ಲ. ಈಗ ಅವನು ಕೊಪ್ಪಳದ ಹತ್ತಿರ ಕಾರ್ಖಾನೆಯೊಂದರ ಕ್ಯಾಂಟೀನಿನಲ್ಲಿದ್ದಾನೆ.

ನಮ್ಮೂರಿನ ಸೋನಾಮಸೂರಿ ಬೆಂಗಳೂರಿಗೆ ಹೋಗುತ್ತದೆ, ಹೈದರಾಬಾದಿಗೆ ಹೋಗುತ್ತದೆ. ಆ ಅಕ್ಕಿಯ ಅನ್ನವನ್ನೇ ಊಟದ ಹೆಮ್ಮೆ ಮಾಡಿಕೊಂಡ ಒಂದು ಮನೆ, ಗದ್ದೆಯ ಬದಿಯಲ್ಲಿ ನಾಲ್ಕು ಬೆಂಚು ಹಾಕಿಕೊಂಡ ಒಂದು ಜಾಗ ಗಂಗಾವತಿಯ ಸುತ್ತ ನನಗೆ ಕಾಣುವುದಿಲ್ಲ. ಹೊಸ ಅಕ್ಕಿ, ಕಟ್ಟಿನ ಸಾರು, ಮಜ್ಜಿಗೆಮೆಣಸಿನಕಾಯಿ. ಇಷ್ಟೇ ಸಾಕಲ್ಲವೇ?

ನದಿಯಾಚೆ

ಅಣ್ಣಾ, ನಿಮ್ಮ ದೊಡ್ಡಮ್ಮನ ಕೈಯ ಪುಂಡಿಪಲ್ಯಕ್ಕೆ ನಾನು ಗಂಗಾವತಿಗೆ ಬರಲು ಸಿದ್ಧ. ಅವರು ಮನೆಯಲ್ಲೇ ವಾರಕ್ಕೊಂದು ದಿನ ಬಡಿಸಲು ಆರಂಭಿಸಬಾರದೇ?

ಸಿರುಗುಪ್ಪ ನಾಲೆ · ಸೋಮವಾರ

ಎಲ್ಲರೂ ಮಧ್ಯಾಹ್ನದ ಊಟದ ಮಾತೇ ಆಡುತ್ತಿದ್ದೀರಿ. ನಮ್ಮ ಸೀಮೆಯ ನಿಜವಾದ ಊಟ ಬೆಳಿಗ್ಗೆ ಏಳಕ್ಕೆ.

ಒಗ್ಗರಣೆ–ಮಿರ್ಚಿ. ಮಂಡಕ್ಕಿಯನ್ನು ನೀರಿನಲ್ಲಿ ಅದ್ದಿ ಹಿಂಡಿ, ಈರುಳ್ಳಿ, ಹಸಿಮೆಣಸಿನಕಾಯಿ, ಟೊಮೆಟೊ, ಅರಿಸಿನದ ಒಗ್ಗರಣೆಯಲ್ಲಿ ತಿರುವಿ, ಮೇಲೆ ಪುಠಾಣಿ ಪುಡಿ ಉದುರಿಸಿ, ಪಕ್ಕದಲ್ಲಿ ಎಣ್ಣೆಯಿಂದ ಆಗ ತಾನೇ ತೆಗೆದ ಮಿರ್ಚಿ ಇಡಬೇಕು. ಮಂಡಕ್ಕಿ ನೆನೆಯುವ ಹೊತ್ತು ಬಹಳ ಸಣ್ಣದು. ಸ್ವಲ್ಪ ಹೆಚ್ಚಾದರೆ ಮುದ್ದೆ, ಕಡಿಮೆಯಾದರೆ ಗಂಟಲಿಗೆ ಹತ್ತುತ್ತದೆ. ಹಳ್ಳಿಯ ಬಸ್ ನಿಲ್ದಾಣದ ಎದುರು, ತಗಡಿನ ಚಪ್ಪರದ ಕೆಳಗೆ, ದಿನಕ್ಕೆ ಎರಡು ಚೀಲ ಮಂಡಕ್ಕಿ ಖರ್ಚು ಮಾಡುವ ಕೈಗೆ ಆ ಅಳತೆ ಗೊತ್ತಿರುತ್ತದೆ. ಬಳ್ಳಾರಿಯ ಒಳ್ಳೆಯ ಹೋಟೆಲಿನವರಿಗೂ ಗೊತ್ತಿರುವುದಿಲ್ಲ, ಏಕೆಂದರೆ ಅವರಿಗೆ ಅದು ಇಪ್ಪತ್ತು ತಿಂಡಿಗಳಲ್ಲಿ ಒಂದು.

ಕುರುಗೋಡಿಗೆ ಬೆಳಿಗ್ಗೆ ಆರಕ್ಕೆ ಹೊರಡಿ, ದೂರ 30 ಕಿಲೋಮೀಟರಿನ ಒಳಗೇ. ದೊಡ್ಡಬಸವೇಶ್ವರನ ಗುಡಿಯಲ್ಲಿ ಏಕಶಿಲೆಯ ಆ ದೊಡ್ಡ ಬಸವಣ್ಣನ ಮುಂದೆ ಹತ್ತು ನಿಮಿಷ ನಿಂತು, ಹೊರಗೆ ಬಂದು ಬಿಸಿ ಒಗ್ಗರಣೆ ತಿನ್ನಿ. ಹತ್ತು ಗಂಟೆಗೆ ಹೋದರೆ ಮಿರ್ಚಿ ತಣ್ಣಗಾಗಿರುತ್ತದೆ, ಬಿಸಿಲು ಏರಿರುತ್ತದೆ, ಆಮೇಲೆ ನನ್ನನ್ನು ಬೈಯುತ್ತೀರಿ.

ಮಾನ್ವಿ ಮಾಸ್ತರ · ಸೋಮವಾರ ಸಂಜೆ

ಸಿರುಗುಪ್ಪದ ತಮ್ಮನ ಮಾತು ಸರಿ. ಒಂದೇ ತಿದ್ದುಪಡಿ: ನಮ್ಮ ಕಡೆ ಅದನ್ನು ಸುಸಲಾ ಎನ್ನುತ್ತಾರೆ, ಮತ್ತು ನಮ್ಮ ಮಿರ್ಚಿಗೆ ಖಾರ ಹೆಚ್ಚು. ಗಡಿಯಾಚೆ ಆದೋನಿಯಲ್ಲಿ ಇದೇ ಉಗ್ಗಾನಿ. ರಾಜ್ಯ ವಿಂಗಡಣೆಯ ಗೆರೆಗೆ ಮಂಡಕ್ಕಿ ಸಿಕ್ಕಿಲ್ಲ.

ರಾಯಚೂರು ಜಿಲ್ಲೆಯ ಪಶ್ಚಿಮಕ್ಕೆ ಬರುವವರಿಗೆ ನನ್ನ ಸಲಹೆ ಸಿಂಧನೂರಿನ ಕ್ಯಾಂಪುಗಳು. ತುಂಗಭದ್ರಾ ಅಣೆಕಟ್ಟೆ ಮುಗಿದು ಎಡದಂಡೆ ಕಾಲುವೆಯಲ್ಲಿ ನೀರು ಹರಿದ ಮೇಲೆ ಆಂಧ್ರದ ಗೋದಾವರಿ, ಕೃಷ್ಣಾ ಸೀಮೆಗಳಿಂದ ರೈತರು ಬಂದು ಭತ್ತ ಹಾಕಿದರು. ಅವರ ಊರುಗಳಿಗೆಲ್ಲ ಕ್ಯಾಂಪ್ ಎಂಬ ಹೆಸರು ಬಿತ್ತು. ಅಲ್ಲಿನ ಮೆಸ್ಸುಗಳಲ್ಲಿ ಪಪ್ಪು, ಗೋಂಗುರಾ ಚಟ್ನಿ, ಕೋಳಿ ಸಾರು ಬಹಳ ಶುದ್ಧವಾಗಿರುತ್ತವೆ. ಗೋಂಗುರಾ ಎಂದರೆ ನಮ್ಮ ಪುಂಡಿಯೇ. ಒಂದೇ ಸೊಪ್ಪು ಎರಡು ಭಾಷೆಯಲ್ಲಿ ಎರಡು ರುಚಿಯಾಗುವುದನ್ನು ಒಂದೇ ದಿನ ಉಂಡು ನೋಡಬಹುದಾದ ಊರು ಸಿಂಧನೂರು.

ಅದಕ್ಕಿಂತ ಅಪರೂಪದ್ದು ಆರ್.ಎಚ್. ಕ್ಯಾಂಪುಗಳು. ಪೂರ್ವ ಪಾಕಿಸ್ತಾನದಿಂದ ನಿರಾಶ್ರಿತರಾಗಿ ಬಂದ ಬಂಗಾಳಿ ಕುಟುಂಬಗಳಿಗೆ ಸರ್ಕಾರ ಇಲ್ಲಿ ಭೂಮಿ ಕೊಟ್ಟಿತು. ಈಗ ಮೂರನೆಯ ತಲೆಮಾರು. ಕನ್ನಡ ನಮ್ಮಂತೆಯೇ ಮಾತನಾಡುತ್ತಾರೆ, ನವರಾತ್ರಿಯಲ್ಲಿ ದುರ್ಗಾಪೂಜೆ ಮಾಡುತ್ತಾರೆ. ನನ್ನ ಹಳೆಯ ವಿದ್ಯಾರ್ಥಿಯೊಬ್ಬನ ಮನೆಯಲ್ಲಿ ಸಾಸಿವೆ ಅರೆದು ಹಾಕಿದ ಮೀನಿನ ಸಾರು ಉಂಡೆ. ರಾಯಚೂರು ಜಿಲ್ಲೆಯ ಬಿಸಿಲಿನಲ್ಲಿ ಕುಳಿತು, ಪದ್ಮಾ ನದಿಯ ದಂಡೆಯ ಊಟ! ಆ ಮನೆಯ ಅಜ್ಜಿ ಬಡಿಸುವಾಗ ಕಣ್ಣು ಒರೆಸಿಕೊಂಡರು, ಏಕೆಂದು ನಾನು ಕೇಳಲಿಲ್ಲ. ಅದು ಹೋಟೆಲಲ್ಲ, ಆದ್ದರಿಂದ ವಿಳಾಸ ಕೊಡಲಾರೆ. ಆದರೆ ಕ್ಯಾಂಪಿನ ಮೀನಿನ ಅಂಗಡಿಗಳ ಹತ್ತಿರ ಸಂಜೆ ಹೋದರೆ ಹುರಿದ ಕಾಟ್ಲಾ, ರೋಹು ಸಿಗುತ್ತದೆ. ಒಮ್ಮೆ ಹೋಗಿ ಬನ್ನಿ.

ಸಂಡೂರು ಮಳೆ · ಮಂಗಳವಾರ

ಸಂಡೂರನ್ನು ಯಾರೂ ಎತ್ತಲಿಲ್ಲ. ಮಳೆಗಾಲದಲ್ಲಿ ನಮ್ಮ ಗುಡ್ಡಗಳನ್ನು ನೋಡಿದವರು ಇದು ಬಳ್ಳಾರಿ ಸೀಮೆಯೇ ಎಂದು ಕೇಳುತ್ತಾರೆ. ಅರಮನೆಯಲ್ಲಿ ಉಣ್ಣಬೇಕೆಂದರೆ ಶಿವವಿಲಾಸ ಅರಮನೆ ಈಗ ಹೋಟೆಲಾಗಿದೆ, ಮೊದಲೇ ಕಾಯ್ದಿರಿಸಬೇಕು. ನನ್ನ ಮಟ್ಟಿಗೆ ಸಂಡೂರಿಗೆ ಬುತ್ತಿ ಕಟ್ಟಿಕೊಂಡು ಬರುವುದೇ ಲೇಸು. ರೊಟ್ಟಿ, ಶೇಂಗಾ ಚಟ್ನಿ, ಮೊಸರನ್ನ. ನಾರಿಹಳ್ಳದ ಕೆರೆಯ ಏರಿಯ ಹತ್ತಿರ ನೆರಳು ನೋಡಿ ಬಿಚ್ಚಿ. ಪ್ಲಾಸ್ಟಿಕ್ಕನ್ನು ದಯವಿಟ್ಟು ವಾಪಸ್ ಒಯ್ಯಿರಿ.

ಕುಕನೂರಿನ ರೊಟ್ಟಿ · ಮಂಗಳವಾರ ರಾತ್ರಿ

ನಾನು ಇಲ್ಲಿ ಬರೆಯುವುದು ಇದೇ ಮೊದಲು. ಮಗಳು ಮೊಬೈಲಿನಲ್ಲಿ ಟೈಪ್ ಮಾಡಿಕೊಡುತ್ತಿದ್ದಾಳೆ. ಮೊದಲು ಪತ್ರ ಬರೆದವರ ತಾಯಿ ರೊಟ್ಟಿಯನ್ನು ಪಕ್ಕಕ್ಕಿಟ್ಟರು ಎಂಬುದನ್ನು ಓದಿ ಸುಮ್ಮನಿರಲು ಆಗಲಿಲ್ಲ.

ಆ ಹೋಟೆಲಿನವರಿಗೆ ರೊಟ್ಟಿ ಮಾಡಲು ಬರುವುದಿಲ್ಲ ಎಂದು ನಾನು ಹೇಳುವುದಿಲ್ಲ. ಬೆಳಿಗ್ಗೆ ಅದು ಚೆನ್ನಾಗಿಯೇ ಇದ್ದಿರಬೇಕು. ಜೋಳದ ಸ್ವಭಾವವೇ ಹಾಗೆ. ಗೋಧಿಯಲ್ಲಿರುವ ಅಂಟು ಜೋಳದಲ್ಲಿಲ್ಲ. ಅದಕ್ಕೇ ನಾವು ಹಿಟ್ಟಿಗೆ ಕುದಿಯುವ ಎಸರು ಹಾಕಿ ನಾದುವುದು. ಆ ಬಿಸಿಗೆ ಹಿಟ್ಟು ಅರೆಬೆಂದು ಜಿಗುಟು ಬರುತ್ತದೆ, ಆಗ ಬಡಿದರೆ ಒಡೆಯುವುದಿಲ್ಲ. ಹಂಚಿನಿಂದ ಇಳಿದ ಕೂಡಲೇ ಅದು ಹೂವಿನಂತಿರುತ್ತದೆ. ಆರಿದ ಮೇಲೆ ಬಿಗಿಯುತ್ತಾ ಹೋಗುತ್ತದೆ. ಮತ್ತೆ ಬಿಸಿ ಮಾಡಿದರೆ ಮೊದಲಿನ ಹದ ಬರುವುದಿಲ್ಲ. ಮಗಳು ಇದಕ್ಕೆ ಪಿಷ್ಟ, ಗ್ಲುಟೆನ್ ಎಂದು ಏನೇನೋ ಹೆಸರು ಹೇಳುತ್ತಾಳೆ. ನನಗೆ ಗೊತ್ತಿರುವುದು ಇಷ್ಟು: ಬಿಸಿ ರೊಟ್ಟಿಯನ್ನು ಒಲೆಯ ಹತ್ತಿರ ಕುಳಿತೇ ಉಣ್ಣಬೇಕು. ಇಲ್ಲವೇ ಪೂರ್ತಿ ಒಣಗಿಸಿ ಖಡಕ್ ಮಾಡಿ ತಿಂಗಳುಗಟ್ಟಲೆ ಇಟ್ಟುಕೊಳ್ಳಬೇಕು. ಇವೆರಡರ ನಡುವಿನ ರೊಟ್ಟಿ ಯಾರಿಗೂ ಬೇಡ.

ಹಿಟ್ಟೂ ಹಾಗೆಯೇ. ಬೀಸಿದ ಹಿಟ್ಟು ಹಳೆಯದಾದರೆ ಜಿಗುಟು ಹೋಗಿ ಅಂಚು ಬಿರಿಯುತ್ತದೆ. ನಾನು ಎರಡು ದಿನಕ್ಕೊಮ್ಮೆ ಗಿರಣಿಗೆ ಹೋಗುತ್ತೇನೆ. ಬಿಳಿಜೋಳ ನಮ್ಮದೇ ಹೊಲದ ಮಾಲದಂಡಿ.

ಕೊಪ್ಪಳ ಜಿಲ್ಲೆಯ ಕುಕನೂರಿನ ಅಂಚಿನಲ್ಲಿ ನಮ್ಮ ಮನೆ ಇದೆ. ಫಲಕ ಹಾಕಿಲ್ಲ. ನಾನು, ನನ್ನ ನೆಗೆಣ್ಣಿ ಇಬ್ಬರೂ ಸೇರಿ ಆರು ವರ್ಷದಿಂದ ಖಾನಾವಳಿ ನಡೆಸುತ್ತಿದ್ದೇವೆ. ದಿನಕ್ಕೆ 25 ಜನರಿಗಿಂತ ಹೆಚ್ಚು ಒಪ್ಪಿಕೊಳ್ಳುವುದಿಲ್ಲ. ಒಂದು ದಿನ ಮುಂಚೆ ಫೋನ್ ಮಾಡಿ, ಎಷ್ಟು ಜನ, ಎಷ್ಟು ಹೊತ್ತಿಗೆ ಎಂದು ಹೇಳಬೇಕು. ನೀವು ಬಂದು ಕೈಕಾಲು ತೊಳೆದು ಕುಳಿತ ಮೇಲೆಯೇ ನಾನು ಮೊದಲ ರೊಟ್ಟಿ ಬಡಿಯುವುದು. ಎಣ್ಣೆಗಾಯಿ, ಪುಂಡಿಪಲ್ಯ, ಮೊಳಕೆ ಹೆಸರುಕಾಳು, ಕೆಂಪು ಮೆಣಸಿನಕಾಯಿಯ ರಂಜಕ, ಗುರೆಳ್ಳು ಚಟ್ನಿ, ಗಟ್ಟಿ ಮೊಸರು, ಕೊನೆಗೆ ಅನ್ನ ಸಾರು. ಊಟಕ್ಕೆ 150 ರೂಪಾಯಿ. ರೊಟ್ಟಿಗೆ ಲೆಕ್ಕವಿಲ್ಲ.

ನಿಮ್ಮ 80 ಕಿಲೋಮೀಟರಿನ ಒಳಗೆ ನಾವು ಬರುವುದಿಲ್ಲ. ಆದರೂ ತಾಯಿಯವರನ್ನು ಕರೆತನ್ನಿ.

ಹೊಸಪೇಟೆ ವ್ಯಾಪಾರಿ · ಬುಧವಾರ

ಅಕ್ಕಾ, ನೀವು ಹೇಳುವುದು ಕೇಳಿದರೆ ಬಾಯಲ್ಲಿ ನೀರೂರುತ್ತದೆ. ಆದರೆ ವ್ಯವಹಾರದ ಮಾತು ಹೇಳುತ್ತೇನೆ, ತಪ್ಪು ತಿಳಿಯಬೇಡಿ. 150 ರೂಪಾಯಿಗೆ, ದಿನಕ್ಕೆ 25 ಜನರಿಗೆ ಸೀಮಿತವಾದರೆ ಬೆಳೆಯುವುದು ಹೇಗೆ? ಒಂದು ಎಸಿ ಹಾಲ್, ರೊಟ್ಟಿ ಮಾಡುವ ಯಂತ್ರ, ಹೆದ್ದಾರಿಯಲ್ಲಿ ಒಂದು ಫಲಕ ಇದ್ದರೆ ಹುಬ್ಬಳ್ಳಿಗೆ ಹೋಗುವವರೆಲ್ಲ ನಿಲ್ಲುತ್ತಾರೆ.

ಕುಕನೂರಿನ ರೊಟ್ಟಿ

ತಪ್ಪು ತಿಳಿಯಲಿಲ್ಲ, ತಮ್ಮಾ. ಯಂತ್ರದ ರೊಟ್ಟಿಯನ್ನು ನಾನೂ ನೋಡಿದ್ದೇನೆ, ಖಡಕ್ ರೊಟ್ಟಿಗೆ ಅದು ಆಗುತ್ತದೆ. ಬಿಸಿ ರೊಟ್ಟಿಗೆ ಕೈ ಬೇಕು. ಎರಡು ಒಲೆ, ಎರಡು ಹಂಚು, ಒಂದು ರೊಟ್ಟಿಗೆ ಎರಡು ನಿಮಿಷ. ಒಮ್ಮೆಗೆ ಎಂಟು ಜನ ಕುಳಿತರೆ ಯಾರ ಕೈಯೂ ಕಾಯುವುದಿಲ್ಲ. ಹತ್ತು ಜನ ಕುಳಿತರೆ ಕಾಯುತ್ತದೆ. ಇದನ್ನು ಲೆಕ್ಕ ಹಾಕಿಯೇ 25 ಎಂದದ್ದು. ಬೆಲೆ ಏರಿಸಬೇಕೆಂದು ಮಗಳೂ ಹೇಳುತ್ತಾಳೆ, ಯುಗಾದಿಗೆ ಏರಿಸುತ್ತೇನೆ.

ನದಿಯಾಚೆ

ಅಕ್ಕ ಹೇಳಿದ ಲೆಕ್ಕವನ್ನು ಪ್ರತಿ ಹೋಟೆಲಿನ ಗೋಡೆಗೆ ಅಂಟಿಸಬೇಕು.

ಮಾನ್ವಿ ಮಾಸ್ತರ · ಬುಧವಾರ

ಹಂಪಿಗೆ ಹೋದವರಲ್ಲಿ ಎಷ್ಟು ಜನ ಭೋಜನಶಾಲೆ ನೋಡಿದ್ದೀರಿ? ಕಮಲಾಪುರದ ಕಡೆಯಿಂದ ಬರುವ ರಸ್ತೆಯ ಬದಿಯಲ್ಲಿ ಒಂದು ಸಣ್ಣ ನೀರಿನ ಕಾಲುವೆ, ಅದರ ಎರಡೂ ದಡದಲ್ಲಿ ಸಾಲಾಗಿ ಕಲ್ಲಿನ ತಟ್ಟೆಗಳು. ಒಂದೊಂದರಲ್ಲೂ ಪಲ್ಯಕ್ಕೆ, ಚಟ್ನಿಗೆ ಬೇರೆಬೇರೆ ಕುಳಿ ಕೊರೆದಿದ್ದಾರೆ. ಪಂಕ್ತಿಯಲ್ಲಿ ಕುಳಿತವರ ಮುಂದೆಯೇ ನೀರು ಹರಿಯುತ್ತಿತ್ತು. ಅಲ್ಲಿ ನಿಂತಾಗಲೆಲ್ಲ ನನಗೆ ಬಡಿಸುತ್ತಿದ್ದವರ ಯೋಚನೆ ಬರುತ್ತದೆ. ಅರಸರ ಹೆಸರೆಲ್ಲ ನಮಗೆ ಬಾಯಿಪಾಠ, ಆ ತಟ್ಟೆಗೆ ಬಿಸಿ ಇಳಿಸಿದ ಕೈಗಳ ಹೆಸರು ಒಂದೂ ಉಳಿದಿಲ್ಲ.

ಕೊಪ್ಪಳ ಗಡಿಯಾರ · ಬುಧವಾರ

ಮಾಸ್ತರೇ, ಆ ಕೈಗಳನ್ನು ಈಗಲೂ ನೋಡಬೇಕೆಂದರೆ ಜನವರಿಯಲ್ಲಿ ನಮ್ಮ ಗವಿಮಠದ ಜಾತ್ರೆಗೆ ಬನ್ನಿ. ಹಳ್ಳಿಹಳ್ಳಿಗಳಲ್ಲಿ ಮನೆಮನೆಯಲ್ಲಿ ಬಡಿದ ರೊಟ್ಟಿ ಟ್ರ್ಯಾಕ್ಟರುಗಳಲ್ಲಿ ಮೆರವಣಿಗೆಯಾಗಿ ಬರುತ್ತದೆ. ಮಾದಲಿ, ಪಲ್ಯ, ಸಾರು. ಮಿರ್ಚಿ ಕರಿಯುವ ದಿನ ಸಾಲುಸಾಲು ಬಾಣಲೆಗಳ ಮುಂದೆ ನೂರಾರು ಜನ ಸೇವೆಗೆ ನಿಂತಿರುತ್ತಾರೆ. ಅದನ್ನು ಹೋಟೆಲುಗಳ ಪಟ್ಟಿಗೆ ಸೇರಿಸಲು ಬರುವುದಿಲ್ಲ, ದಾಸೋಹಕ್ಕೆ ಬೆಲೆಯಿಲ್ಲ. ಆದರೆ ಊಟಕ್ಕಾಗಿ ಜನ ಗಾಡಿ ಕಟ್ಟಿ ಬರುವ ಜಾಗವೆಂದರೆ ಈ ಮೂರು ಜಿಲ್ಲೆಗಳಲ್ಲಿ ಅದಕ್ಕೆ ಸಮನಾದದ್ದಿಲ್ಲ.

ಎರೆಹೊಲ · ಗುರುವಾರ

ನಾನು ಮಸ್ಕಿ ಕಡೆಯ ರೈತ. ಅಶೋಕನ ಶಾಸನ ಇರುವ ಊರು ಎಂದರೆ ಗುರುತು ಸಿಗುತ್ತದೆ. ಇಷ್ಟೆಲ್ಲ ಓದಿದ ಮೇಲೆ ಒಂದು ಮಾತು ಹೇಳಬೇಕೆನಿಸಿತು. ಗಾಡಿ ಹತ್ತಿ ಹೋಗಿ ಉಣ್ಣಬೇಕಾದದ್ದು ಯಾವುದು? ಗಾಡಿ ಹತ್ತಿ ಊರಿಗೆ ಬರಲಾರದ್ದು.

ಅಂಥದ್ದರಲ್ಲಿ ಮೊದಲನೆಯದು ಸೀತನಿ.

ಎರೆಭೂಮಿಗೆ ನೀರಾವರಿ ಬೇಡ. ಉತ್ತರಿ, ಹಸ್ತ ಮಳೆಗೆ ಬಿತ್ತಿದ ಹಿಂಗಾರಿ ಜೋಳ ಆಮೇಲೆ ಒಂದು ಹನಿ ಮಳೆ ಬೀಳದಿದ್ದರೂ ನೆಲದೊಳಗಿನ ತೇವ, ಮೇಲಿನ ಇಬ್ಬನಿಯಲ್ಲಿ ಬೆಳೆಯುತ್ತದೆ. ಎಳ್ಳಮಾವಾಸ್ಯೆಯ ಆಚೀಚೆ ತೆನೆಗೆ ಹಾಲು ತುಂಬುತ್ತದೆ. ಹಾಲು ಗಟ್ಟಿಯಾಗಿ ಕಾಳಾಗುವ ಮುನ್ನ, ಉಗುರಿನಿಂದ ಒತ್ತಿದರೆ ಮೆತ್ತಗೆ ತಗ್ಗುವ ಕೆಲವೇ ದಿನಗಳ ಹದವೊಂದಿದೆ. ಆಗ ತೆನೆ ಮುರಿದು, ಹೊಲದಲ್ಲೇ ಸಣ್ಣ ಕುಣಿ ತೋಡಿ, ಕುಳ್ಳಿನ ಕೆಂಡದಲ್ಲಿ ಸುಡುತ್ತೇವೆ. ಬಿಸಿ ಇರುವಾಗಲೇ ಅಂಗೈಯಲ್ಲಿ ತಿಕ್ಕಿ, ಹೊಟ್ಟು ಊದಿ, ಹಸಿರು ಕಾಳನ್ನು ಬೊಗಸೆಗೆ ಸುರಿಯುತ್ತೇವೆ. ಪಕ್ಕದಲ್ಲಿ ಬೆಲ್ಲ, ಶೇಂಗಾ ಚಟ್ನಿ, ಕೆನೆಮೊಸರು. ಹೊಗೆ, ಹಾಲು, ಹಸಿ ಹುಲ್ಲು ಮೂರೂ ಸೇರಿದ ಸಿಹಿ ಅದು. ಎಲ್ಲ ಜೋಳವೂ ಇದಕ್ಕೆ ಆಗುವುದಿಲ್ಲ, ಸೀತನಿಗೆಂದೇ ಬದುವಿನ ಹತ್ತಿರ ನಾಲ್ಕು ಸಾಲು ಬೇರೆ ಜೋಳ ಹಾಕುತ್ತೇವೆ. ಬೆಳಸಿ ಎಂದು ಕರೆಯುವ ಊರುಗಳೂ ಇವೆ.

ಇದನ್ನು ಪೇಟೆಗೆ ತರುವ ಪ್ರಯತ್ನ ನಾನೇ ಮಾಡಿದ್ದೇನೆ. ಒಂದು ವರ್ಷ ರಾಯಚೂರಿನ ಸಂಬಂಧಿಕರಿಗೆ ಸುಟ್ಟ ಕಾಳನ್ನು ಡಬ್ಬಿಗೆ ತುಂಬಿ ಬಸ್ಸಿನಲ್ಲಿ ಕಳಿಸಿದೆ. ಸಂಜೆಗೆ ತಲುಪುವಷ್ಟರಲ್ಲಿ ಬೆವೆತು ಅಂಟಾಗಿ, ಚೆಲ್ಲಬೇಕಾಯಿತು. ಅಂದಿನಿಂದ ಕಳಿಸುವುದನ್ನು ಬಿಟ್ಟು, ಅವರನ್ನೇ ಕರೆಸುತ್ತೇನೆ.

ಕಾಲುವೆ ಬಂದ ಊರುಗಳಲ್ಲಿ ಜೋಳ ಹೋಗಿ ಭತ್ತ ಬಂತು. ನೀರು ಬಂದದ್ದಕ್ಕೆ ಯಾವ ರೈತನೂ ಅಳುವುದಿಲ್ಲ, ನಾನೂ ಅಳುವುದಿಲ್ಲ. ಆದರೆ ಗದ್ದೆಯ ಊರಿನ ಮಕ್ಕಳು ಸೀತನಿ ಎಂದರೆ ಏನೆಂದು ಕೇಳುವಾಗ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ಬೆಂಗಳೂರಿನ ಮಕ್ಕಳನ್ನು ಕರೆತನ್ನಿ. ಹಣದ ಮಾತು ಬೇಡ.

ತೋರಣಗಲ್ಲು ಪಾಳಿ

ತಂದೂರಿ ರೊಟ್ಟಿಯ ಮಾತಾಡಿದೆನೆಂದು ಹೊರಗಿನವನೆಂದುಕೊಳ್ಳಬೇಡಿ, ನಾನು ಹುಟ್ಟಿದ್ದು ಕುಷ್ಟಗಿ ತಾಲ್ಲೂಕಿನಲ್ಲಿ. ಆದರೂ ಸೀತನಿ ತಿಂದು ಹದಿನೈದು ವರ್ಷವಾಯಿತು. ರಜೆ ಹಾಕುತ್ತೇನೆ ಅಣ್ಣಾ, ನನ್ನನ್ನೂ ಲೆಕ್ಕಕ್ಕೆ ಹಿಡಿಯಿರಿ.

ಕೌಲ್‌ಬಜಾರಿನವ · ಮುಂದಿನ ಸೋಮವಾರ

ನಿನ್ನೆ ಹೋಗಿ ಬಂದೆವು. ಕುಕನೂರಿಗೆ.

ನನ್ನ 80 ಕಿಲೋಮೀಟರಿನ ಷರತ್ತನ್ನು ಅಮ್ಮನೇ ಮುರಿದರು. ಕುಕನೂರಿನ ಅಕ್ಕನ ಬರಹವನ್ನು ಓದಿ ಹೇಳಿದಾಗ, 'ಕುಳಿತ ಮೇಲೆ ಬಡಿಯುತ್ತಾಳಂತೆ, ಹೋಗೋಣ' ಎಂದರು. ಬಳ್ಳಾರಿಯಿಂದ ಸುಮಾರು 130 ಕಿಲೋಮೀಟರು. ಬೆಳಿಗ್ಗೆ ಏಳೂವರೆಗೆ ಹೊರಟು, ಅಮ್ಮನಿಗಾಗಿ ಎರಡು ಕಡೆ ನಿಲ್ಲಿಸಿ, ಮೊದಲು ಇಟಗಿಗೆ ಹೋದೆವು. ಮಹಾದೇವ ದೇವಾಲಯವನ್ನು 1112ರಲ್ಲಿ ಕಟ್ಟಿಸಿದ್ದು ಆರನೆಯ ವಿಕ್ರಮಾದಿತ್ಯನ ದಂಡನಾಯಕ ಮಹಾದೇವ. ಅಲ್ಲಿನ ಶಾಸನ ಅದನ್ನು ದೇವಾಲಯ ಚಕ್ರವರ್ತಿ ಎಂದು ಕರೆಯುತ್ತದೆ. ಕಂಬಗಳ ತಿರುವಿನ ನುಣುಪನ್ನು ಅಮ್ಮ ಕೈಯಾಡಿಸಿ ನೋಡಿದರು. ಹೆಚ್ಚು ಹೊತ್ತು ನಿಲ್ಲಲಿಲ್ಲ, ಹಸಿವಾಗಿತ್ತು.

ಹನ್ನೆರಡೂವರೆಗೆ ಎಂದು ಹೇಳಿದ್ದೆವು, ಮುಟ್ಟಿದಾಗ ಒಂದೂಕಾಲು. ಬೇರೆ ಕಡೆಯಾಗಿದ್ದರೆ ಅಷ್ಟರಲ್ಲಿ ಎಲ್ಲವೂ ಆರಿರುತ್ತಿತ್ತು. ಅಲ್ಲಿ ಒಲೆ ಉರಿಯುತ್ತಿತ್ತು, ಎಸರು ಕುದಿಯುತ್ತಿತ್ತು, ಹಿಟ್ಟಿಗೆ ಇನ್ನೂ ನೀರು ಬಿದ್ದಿರಲಿಲ್ಲ, ಒಂದು ರೊಟ್ಟಿಯೂ ಆಗಿರಲಿಲ್ಲ. ಅಮ್ಮನಿಗೆ ನೆಲದ ಮೇಲೆ ಕೂರಲು ಆಗುವುದಿಲ್ಲವೆಂದು ಒಲೆಯ ಪಕ್ಕದ ಕಟ್ಟೆಯ ಮೇಲೆ ಕೌದಿ ಹಾಸಿದರು. ಆಮೇಲೆ ಸದ್ದು ಶುರುವಾಯಿತು. ಅಂಗೈ ಹಿಟ್ಟಿನ ಮೇಲೆ ಬೀಳುವ ಆ ತಾಳವನ್ನು ನಮ್ಮ ಮನೆಯಲ್ಲಿ ಕೇಳಿ ಎಷ್ಟು ವರ್ಷವಾಗಿತ್ತೋ. ಅಮ್ಮನ ಕೈ ನಿಂತ ಮೇಲೆ ನಾವು ಅಂಗಡಿಯ ರೊಟ್ಟಿಗೆ ಇಳಿದವರು.

ಮೊದಲ ರೊಟ್ಟಿ ಕೆಂಡದ ಎದುರು ಉಬ್ಬಿ, ನೇರ ಅಮ್ಮನ ತಟ್ಟೆಗೆ ಬಂತು. ಒಂದು ಬೆರಳಿನಿಂದ ಒತ್ತಿದರು, ಹಬೆ ಹಾರಿತು. ಎಣ್ಣೆಗಾಯಿಯ ಗುರೆಳ್ಳಿನ ಘಮ, ರಂಜಕದ ಮೇಲೆ ಹಸಿ ಕುಸುಬಿ ಎಣ್ಣೆ. ಮನೆಯಲ್ಲಿ ಅರ್ಧ ಚಪಾತಿಗೆ ಸಾಕು ಎನ್ನುವವರು ಎರಡೂವರೆ ರೊಟ್ಟಿ ಉಂಡರು. ಊಟದ ನಡುವೆ 'ಎಸರು ಇನ್ನೂ ಒಂದು ಗುಟುಕು ಬೇಕಿತ್ತು ಕಣವ್ವಾ' ಎಂದಾಗ ನನಗೆ ಮುಜುಗರವಾಯಿತು. ಅಕ್ಕ ನಕ್ಕು ಮುಂದಿನ ಉಂಡೆಗೆ ಎಸರು ಸೇರಿಸಿದರು, ಆ ರೊಟ್ಟಿಯನ್ನು ಅಮ್ಮನಿಗೇ ಮೊದಲು ಹಾಕಿ, ಹೇಗಿದೆ ಎಂದು ಕೇಳಿ, ಉತ್ತರಕ್ಕಾಗಿ ಕಾದರು.

ನಾಲ್ಕು ಜನರಿಗೆ 600 ರೂಪಾಯಿ. ಹೆಚ್ಚು ಕೊಡಲು ಹೋದರೆ ಯುಗಾದಿ ಆದ ಮೇಲೆ ಬನ್ನಿ ಎಂದರು.

ಎರೆಹೊಲ ಅಣ್ಣಾ, ನನ್ನ ಒಡಹುಟ್ಟಿದ ಅಕ್ಕನಿಗೆ ಫೋನ್ ಮಾಡಿದ್ದೆ. ಎಳ್ಳಮಾವಾಸ್ಯೆಗೆ ಬೆಂಗಳೂರಿನಿಂದ ಮಕ್ಕಳೊಂದಿಗೆ ಬರುತ್ತಾಳೆ. ಮಸ್ಕಿಗೆ ಎಂದು ಬರಬೇಕು ಹೇಳಿ.

ಎರೆಹೊಲ

ಅಮಾವಾಸ್ಯೆಯ ದಿನವೇ ಬೇಡ, ಅಂದು ಹೊಲಕ್ಕೆ ಎಡೆಯಾಗಿ ಚರಗ ಚೆಲ್ಲುವ ಗಡಿಬಿಡಿ ಇರುತ್ತದೆ, ನಿಮಗೆ ಕುಳ್ಳು ಹೊತ್ತಿಸಿ ಕೊಡಲು ಪುರುಸೊತ್ತಾಗುವುದಿಲ್ಲ. ಅದಾದ ಮೇಲಿನ ಮೊದಲ ಭಾನುವಾರ ಬನ್ನಿ. ನಿನ್ನೆ ಸಂಜೆ ತೆನೆ ನೋಡಿ ಬಂದೆ, ಈಗ ತಾನೇ ಹೊಡೆ ಬಿಚ್ಚುತ್ತಿದೆ. ಚಳಿ ಹೀಗೆಯೇ ಇದ್ದರೆ ಅಷ್ಟು ಹೊತ್ತಿಗೆ ಸರಿಯಾಗಿ ಹದಕ್ಕೆ ಬರುತ್ತದೆ. ಬೆಳಿಗ್ಗೆ ಒಂಬತ್ತರ ಒಳಗೆ ಹೊಲದಲ್ಲಿರಬೇಕು. ತಾಯಿಯವರಿಗೆ ಬಂಡಿ ಕಟ್ಟಿಸುತ್ತೇನೆ, ರಸ್ತೆಯಿಂದ ಹೊಲಕ್ಕೆ ನಡೆಯುವುದು ಬೇಡ.

ಕುಕನೂರಿನ ರೊಟ್ಟಿ

ಆ ಭಾನುವಾರ ನಾವು ಖಾನಾವಳಿ ತೆಗೆಯುವುದಿಲ್ಲ. ಶೇಂಗಾ ಚಟ್ನಿ, ಮೊಸರು ನಾನು ತರುತ್ತೇನೆ. ನಮ್ಮ ಮನೆಯಿಂದ ಐದು ಜನ.